ಆ ಐವತ್ತೊಂದು ಮಂದಿ ಯಾರು?

2000ದ ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನು ಕಾಡಿಗೆ ಕರೆದೊಯ್ದ. ಆಗ ನಾನು ದಾವಣಗೆರೆಯಲ್ಲಿ ಕಾನೂನು ಓದುತ್ತಿದ್ದೆ. ಜಗಳೂರು ತಾಲ್ಲೂಕಿನ ನಮ್ಮೂರು ಸೊಕ್ಕೆಯಲ್ಲಿ ಅದು ಶೇಂಗಾ ಹೊಲಕ್ಕೆ ಎಡೆಕುಂಟೆ ಹೊಡೆಯುವ ಕಾಲ. ಆದರೆ ಆ ವಾರ ಹೊಲದ ಮಾತು ಯಾರ ಬಾಯಲ್ಲೂ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರದ ಚಹಾದಂಗಡಿಯಲ್ಲಿ ಒಬ್ಬರು ಪೇಪರ್ ಓದುವುದು, ಉಳಿದವರು ಕೇಳುವುದು ನಡೆದಿತ್ತು. ರಜೆಗೆ ಬಂದಿದ್ದ ನನ್ನ ಕೈಗೂ ಪೇಪರ್ ಬಂತು. ವೀರಪ್ಪನ್‌ನ ಬೇಡಿಕೆಗಳ ಪಟ್ಟಿಯನ್ನು ನಾನೇ ಓದಿದೆ. ಕಾವೇರಿ ನೀರು, ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆ, ಹೀಗೆ ಸಾಗಿ, ಮೈಸೂರು ಜೈಲಿನಲ್ಲಿರುವ 51 ಟಾಡಾ ಬಂದಿಗಳ ಬಿಡುಗಡೆ ಎಂಬಲ್ಲಿಗೆ ಬಂದೆ.

ನಮ್ಮ ಓಣಿಯ ಹಿರಿಯರೊಬ್ಬರು ಅಲ್ಲಿ ಕೂತಿದ್ದರು. ನಾವೆಲ್ಲ ಅವರನ್ನು ದೊಡ್ಡಪ್ಪ ಎನ್ನುತ್ತಿದ್ದೆವು. ಅವರು ಕೇಳಿದರು: "ಅಲ್ಲಪ್ಪಾ ವಕೀಲಪ್ಪ, ಆ ಐವತ್ತೊಂದು ಮಂದಿ ಯಾರು? ಏನು ಮಾಡ್ಯಾರಂತೆ?"

"ವೀರಪ್ಪನ್ ಕಡೆಯವರಂತೆ ದೊಡ್ಡಪ್ಪ" ಎಂದೆ.

"ಅಂತೆ ಅನ್ನೋದು ಬಿಡು. ಕೋರ್ಟು ಏನಂತು? ಎಷ್ಟು ವರ್ಷ ಆತು ಒಳಗೆ ಹಾಕಿ?"

ಏಳು ವರ್ಷವಾಗಿತ್ತು. ಕೋರ್ಟು ಇನ್ನೂ ಏನೂ ಅಂದಿರಲಿಲ್ಲ. ಕಾನೂನಿನ ವಿದ್ಯಾರ್ಥಿಯಾಗಿದ್ದರೂ ಇವೆರಡೂ ನನಗೆ ಗೊತ್ತಿರಲಿಲ್ಲ. ಅಣ್ಣಾವ್ರು ಕಾಡಿನಲ್ಲಿದ್ದ 108 ದಿನ ಇಡೀ ಕರ್ನಾಟಕಕ್ಕೆ ನೆನಪಿದೆ. ಆ ಬೇಡಿಕೆಯ ಪಟ್ಟಿಯಲ್ಲಿ ಬರೀ ಒಂದು ಅಂಕಿಯಾಗಿ ಬಂದುಹೋದವರ ಎಂಟು ವರ್ಷ ಯಾರಿಗೂ ನೆನಪಿಲ್ಲ. ಆ ದಿನ ದೊಡ್ಡಪ್ಪನಿಗೆ ಕೊಡಲಾಗದ ಉತ್ತರವನ್ನು, ಇಪ್ಪತ್ತು ವರ್ಷ ಕೋರ್ಟು ಸುತ್ತಿದ ಮೇಲೆ, ಈಗ ಬರೆಯುತ್ತಿದ್ದೇನೆ.

ದೊಡ್ಡಪ್ಪ ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ಪ್ರಾಯದಲ್ಲಿದ್ದಾಗ ಅವರ ಮೇಲೆ ಶೇಂಗಾ ಚೀಲ ಕದ್ದ ಅನುಮಾನ ಬಂದಿತ್ತು. ಠಾಣೆಯಲ್ಲಿ ಒಂದು ರಾತ್ರಿ ಇರಿಸಿಕೊಂಡಿದ್ದರು. ಬೆಳಗಾಗುವುದರೊಳಗೆ ಅವರು ಕದ್ದದ್ದು ಹೌದೆಂದು ಒಪ್ಪಿಕೊಂಡಿದ್ದರು. ಯಾಕೆ ಒಪ್ಪಿಕೊಂಡಿರಿ ಎಂದು ಯಾರಾದರೂ ಕೇಳಿದರೆ ಎಡಗಾಲಿನ ಹಿಮ್ಮಡಿ ತೋರಿಸುತ್ತಿದ್ದರು. ಕೊನೆಗೆ ಮ್ಯಾಜಿಸ್ಟ್ರೇಟರು ಅವರನ್ನು ಬಿಟ್ಟರು. "ಸ್ಟೇಷನ್ನಾಗೆ ಹೇಳಿದ್ದು ಮಾತಲ್ಲ ಅಂದ್ರಪ್ಪ ಜಡ್ಜ್ ಸಾಹೇಬ್ರು" ಎಂದು ಅವರು ಆ ಕಥೆಯನ್ನು ಪ್ರತಿ ಸಲ ಮುಗಿಸುತ್ತಿದ್ದರು.

ಮ್ಯಾಜಿಸ್ಟ್ರೇಟರು ಹೇಳಿದ್ದು 1872ರ ಸಾಕ್ಷ್ಯ ಕಾಯ್ದೆಯ 25ನೆಯ ಕಲಮು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತು ಮಾಡುವಂತಿಲ್ಲ ಎನ್ನುತ್ತಿತ್ತು ಅದು. ಅದನ್ನು ಬರೆದವರು ದೊಡ್ಡ ಮನಸ್ಸಿನವರೇನಲ್ಲ, ಈ ದೇಶವನ್ನು ಆಳುತ್ತಿದ್ದ ಬ್ರಿಟಿಷರೇ. ಆದರೆ ತಮ್ಮ ಕೈಕೆಳಗಿನ ಪೊಲೀಸರು ಏನು ಮಾಡುತ್ತಾರೆಂದು ಅವರಿಗೆ ತಿಳಿದಿತ್ತು. 1855ರಲ್ಲಿ ಮದ್ರಾಸ್ ಪ್ರಾಂತ್ಯದ ಚಿತ್ರಹಿಂಸೆ ತನಿಖಾ ಆಯೋಗ ಕಂದಾಯ ವಸೂಲಿಯಲ್ಲೂ ಪೊಲೀಸ್ ವಿಚಾರಣೆಯಲ್ಲೂ ಹೊಡೆದು ಬಡಿದು ಬಾಯಿಬಿಡಿಸುವ ರೂಢಿ ಎಷ್ಟು ಬೇರೂರಿದೆ ಎಂದು ವರದಿ ಕೊಟ್ಟಿತ್ತು. ಪರಕೀಯ ಸರ್ಕಾರವೇ ತನ್ನ ಪೊಲೀಸರನ್ನು ನಂಬದೆ ಹಾಕಿದ ಬೇಲಿ ಅದು. ಸೊಕ್ಕೆಯ ಒಬ್ಬ ರೈತ ಜೈಲಿಗೆ ಹೋಗದೆ ಮನೆಗೆ ಬಂದದ್ದು ಆ ಬೇಲಿಯಿಂದ.

ಸ್ವತಂತ್ರ ಭಾರತ ಆ ಬೇಲಿಯನ್ನು ಕಿತ್ತದ್ದು 1980ರ ದಶಕದಲ್ಲಿ. ಇಂದಿರಾ ಗಾಂಧಿಯವರ ಹತ್ಯೆ, ಪಂಜಾಬಿನ ಹಿಂಸೆ, ದೆಹಲಿಯ ಬಾಂಬುಗಳು. ಈ ಹಿನ್ನೆಲೆಯಲ್ಲಿ 1985ರ ಮೇ ತಿಂಗಳಲ್ಲಿ ಎರಡು ವರ್ಷದ ಮಟ್ಟಿಗೆಂದು ಭಯೋತ್ಪಾದಕ ಮತ್ತು ವಿಚ್ಛಿದ್ರಕಾರಿ ಚಟುವಟಿಕೆಗಳ ತಡೆ ಕಾಯ್ದೆ, ಜನರ ಬಾಯಲ್ಲಿ ಟಾಡಾ, ಬಂತು. 1987ರಲ್ಲಿ ಅದು ಇನ್ನೂ ಬಿಗಿಯಾಗಿ ಮತ್ತೆ ಬಂತು. ಆಮೇಲೆ ಎರಡೆರಡು ವರ್ಷಕ್ಕೊಮ್ಮೆ ಮುಂದುವರಿಯಿತು. ಅದರ 15ನೆಯ ಕಲಮಿನ ಪ್ರಕಾರ ಪೊಲೀಸ್ ವರಿಷ್ಠಾಧಿಕಾರಿ ಅಥವಾ ಅವರಿಗಿಂತ ಮೇಲಿನವರು ಬರೆದುಕೊಂಡ ತಪ್ಪೊಪ್ಪಿಗೆ ಸಾಕ್ಷ್ಯವಾಗುತ್ತದೆ. ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಸಕಾರಣವಿದೆ ಎಂದು ನ್ಯಾಯಾಧೀಶರಿಗೆ ಮೊದಲೇ ಮನವರಿಕೆಯಾಗದ ಹೊರತು, ಸರ್ಕಾರಿ ವಕೀಲರು ವಿರೋಧಿಸಿದರೆ, ಜಾಮೀನಿಲ್ಲ. ಸಾಮಾನ್ಯ ಕೇಸಿನಲ್ಲಿ 90 ದಿನದೊಳಗೆ ಆರೋಪಪಟ್ಟಿ ಹಾಕದಿದ್ದರೆ ಜಾಮೀನು ಹಕ್ಕಾಗುತ್ತದೆ. ಟಾಡಾದಲ್ಲಿ ಆ ಗಡುವು ಒಂದು ವರ್ಷದವರೆಗೂ ಹೋಗುತ್ತಿತ್ತು. ತೀರ್ಪಿನ ಮೇಲೆ ಹೈಕೋರ್ಟಿಗೆ ಮೇಲ್ಮನವಿ ಇಲ್ಲ, ನೇರ ದೆಹಲಿಯ ಸುಪ್ರೀಂ ಕೋರ್ಟಿಗೆ. ಮಹದೇಶ್ವರ ಬೆಟ್ಟದ ತಪ್ಪಲಿನ ಕೂಲಿಯವನಿಗೆ ದೆಹಲಿ ಎಷ್ಟು ದೂರವೆಂದು ಹೇಳಬೇಕಿಲ್ಲ.

ಪಂಜಾಬಿಗೆಂದು ಹುಟ್ಟಿದ ಕಾಯ್ದೆ ನಮ್ಮ ಕಾಡಿಗೆ ಬಂದದ್ದು ಹೀಗೆ. ವೀರಪ್ಪನ್ ಆನೆದಂತ, ಶ್ರೀಗಂಧದ ಕಳ್ಳ ಮಾತ್ರವಾಗಿ ಉಳಿದಿರಲಿಲ್ಲ. 1992ರಲ್ಲಿ ಅವನ ತಂಡ ರಾಮಾಪುರ ಪೊಲೀಸ್ ಠಾಣೆಯ ಮೇಲೆ ದಾಳಿ ಮಾಡಿ ಪೊಲೀಸರನ್ನು ಕೊಂದಿತು. ಅದೇ ವರ್ಷದ ಆಗಸ್ಟ್ 14ರಂದು ಮೀಣ್ಯಂ ಬಳಿ ಹೊಂಚು ಹಾಕಿ ಎಸ್‌ಪಿ ಹರಿಕೃಷ್ಣ ಮತ್ತು ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಮತ್ತವರ ಜತೆಗಾರರನ್ನು ಕೊಂದಿತು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿಸಿ 22 ಜನರನ್ನು ಕೊಂದಿತು. ಸತ್ತವರಲ್ಲಿ ಪೊಲೀಸರಿದ್ದರು, ಅರಣ್ಯ ಸಿಬ್ಬಂದಿಯಿದ್ದರು, ಮಾಹಿತಿ ಕೊಡಲು ಜತೆಗೆ ಬಂದ ಹಳ್ಳಿಗರೂ ಇದ್ದರು. ಇದನ್ನು ಭಯೋತ್ಪಾದನೆ ಎನ್ನಬಾರದು ಎಂದು ನಾನು ವಾದಿಸುವುದಿಲ್ಲ.

ಆಮೇಲೆ ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆ ಕಾಡಿಗಿಳಿಯಿತು. ವೀರಪ್ಪನ್ ಸಿಗಲಿಲ್ಲ. ಸಿಕ್ಕಿದ್ದು ಕಾಡಿನಂಚಿನ ಊರುಗಳ ಜನ. ಅಕ್ಕಿ ಕೊಟ್ಟವರು, ದಾರಿ ತೋರಿಸಿದವರು, ಅವನಿಗೆ ಸಂಬಂಧಿಕರಾದವರು, ಇವೆಲ್ಲ ಮಾಡಿದ್ದಾರೆಂಬ ಅನುಮಾನಕ್ಕೆ ಸಿಕ್ಕವರು. ಹೆಂಗಸರೂ ಇದ್ದರು. ಬಂದೂಕು ಹಿಡಿದವನು ನಡುರಾತ್ರಿ ಬಾಗಿಲು ತಟ್ಟಿ ಅಕ್ಕಿ ಕೇಳಿದರೆ ಇಲ್ಲ ಎನ್ನುವ ಧೈರ್ಯ ಯಾರಿಗಿದೆ? ಸಾಮಾನ್ಯ ಕಾನೂನಿನಲ್ಲಿ ಈ ಪ್ರಶ್ನೆಯನ್ನು ವಕೀಲನೊಬ್ಬ ಮೊದಲ ವಾರವೇ, ಜಾಮೀನು ಅರ್ಜಿಯಲ್ಲೇ ಎತ್ತಬಹುದು. ಟಾಡಾದಲ್ಲಿ ಅದಕ್ಕೆ ಉತ್ತರ ಸಿಗಲು ವಿಚಾರಣೆ ಮುಗಿಯಬೇಕು. ವಿಚಾರಣೆ ಮುಗಿಯಲು ಎಂಟು ವರ್ಷ ಹಿಡಿಯಿತು.

ಅಷ್ಟರಲ್ಲಿ ಕಾಯ್ದೆಯೇ ಸತ್ತುಹೋಗಿತ್ತು. 1994ರ ಮಾರ್ಚ್ 11ರಂದು ಕರ್ತಾರ್ ಸಿಂಗ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಟಾಡಾ ಸಿಂಧುವೆಂದು ಎತ್ತಿಹಿಡಿಯಿತು. ಆದರೆ ಪೊಲೀಸರ ಮುಂದಿನ ತಪ್ಪೊಪ್ಪಿಗೆಯ ವಿಷಯದಲ್ಲಿ ಇಬ್ಬರು, ಕೆ. ರಾಮಸ್ವಾಮಿ ಮತ್ತು ಆರ್.ಎಂ. ಸಹಾಯ್, ಒಪ್ಪಲಿಲ್ಲ. ದೇಶದಲ್ಲಿ ಬಂಧಿತರ ಸಂಖ್ಯೆ 75 ಸಾವಿರ ದಾಟಿತ್ತು. ಶಿಕ್ಷೆಯಾದವರು ನೂರಕ್ಕೆ ಇಬ್ಬರೂ ಇರಲಿಲ್ಲ. 1995ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿದ್ದ ರಂಗನಾಥ ಮಿಶ್ರಾ, ಇದನ್ನು ಮುಂದುವರಿಸಬೇಡಿ ಎಂದು ಸಂಸದರಿಗೆ ಪತ್ರ ಬರೆದರು. ಆ ವರ್ಷದ ಮೇ ತಿಂಗಳಲ್ಲಿ ಟಾಡಾದ ಅವಧಿ ಮುಗಿಯಿತು. ಆದರೆ ಆಗಲೇ ದಾಖಲಾದ ಕೇಸುಗಳಿಗೆ ಅದು ಅನ್ವಯಿಸುತ್ತಲೇ ಇರುತ್ತದೆಂದು ಕಾಯ್ದೆಯಲ್ಲೇ ಬರೆದಿತ್ತು. ಸತ್ತ ಕಾಯ್ದೆಯ ಹಿಡಿತದಲ್ಲಿ ಜೀವಂತ ಜನ ಮೈಸೂರು ಜೈಲಿನಲ್ಲಿ ಉಳಿದರು. ಅವರನ್ನು ನಾಡು ನೆನೆಸಿಕೊಂಡದ್ದು ರಾಜ್‌ಕುಮಾರ್ ಅಪಹರಣವಾದಾಗಲೇ.

2000ದ ಆಗಸ್ಟ್‌ನಲ್ಲಿ ನಡೆದದ್ದು ವಿಚಿತ್ರ. ಏಳು ವರ್ಷ ಇವರು ದೇಶಕ್ಕೆ ಅಪಾಯವೆಂದು ವಾದಿಸುತ್ತ ಬಂದಿದ್ದ ಸರ್ಕಾರ ಕೆಲವೇ ದಿನಗಳಲ್ಲಿ ಟಾಡಾ ಆರೋಪ ಹಿಂಪಡೆಯಲು ಒಪ್ಪಿತು. ವಿಶೇಷ ಸರ್ಕಾರಿ ವಕೀಲರು ದಂಡ ಪ್ರಕ್ರಿಯಾ ಸಂಹಿತೆಯ 321ನೆಯ ಕಲಮಿನಡಿ ಅರ್ಜಿ ಹಾಕಿದರು. ಮೈಸೂರಿನ ವಿಶೇಷ ನ್ಯಾಯಾಲಯ ಒಪ್ಪಿಗೆ ಕೊಟ್ಟಿತು. ಆಗ ಒಬ್ಬ ತಂದೆ ಅಡ್ಡ ಬಂದರು. ಮೀಣ್ಯಂನಲ್ಲಿ ಸತ್ತ ಶಕೀಲ್ ಅಹಮದ್ ಅವರ ತಂದೆ, ನಿವೃತ್ತ ಪೊಲೀಸ್ ಅಧಿಕಾರಿ ಅಬ್ದುಲ್ ಕರೀಮ್. ನನ್ನ ಮಗನನ್ನು ಕೊಂದ ಕೇಸನ್ನು ಬೆದರಿಕೆಗೆ ಮಣಿದು ಬಿಟ್ಟುಕೊಡುವುದೇ ಎಂದು ಅವರು ಸುಪ್ರೀಂ ಕೋರ್ಟಿಗೆ ಹೋದರು. ಬಿಡುಗಡೆ ನಿಂತಿತು. ರಾಜ್‌ಕುಮಾರ್ ಅಭಿಮಾನಿಗಳಾಗಿದ್ದ ನಮಗೆಲ್ಲ ಆಗ ಆ ಮುದುಕರ ಮೇಲೆ ಸಿಟ್ಟು ಬಂದಿತ್ತು. ಇದನ್ನು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ನವೆಂಬರ್ 7ರಂದು ಸುಪ್ರೀಂ ಕೋರ್ಟು ಕರೀಮ್ ಅವರ ಪರವಾಗಿ ತೀರ್ಪು ಕೊಟ್ಟಿತು. ಸರ್ಕಾರಿ ವಕೀಲರು ಸ್ವಂತ ವಿವೇಚನೆ ಬಳಸಿಲ್ಲ, ಕೆಳಗಿನ ನ್ಯಾಯಾಲಯವೂ ಅದನ್ನು ಪರಿಶೀಲಿಸಿಲ್ಲ ಎಂಬುದು ತೀರ್ಪಿನ ತಿರುಳು. ನವೆಂಬರ್ 15ರಂದು ರಾಜ್‌ಕುಮಾರ್ ಬಿಡುಗಡೆಯಾದರು. ನಮ್ಮೂರಲ್ಲಿ ಪಟಾಕಿ ಹೊಡೆದರು. ಆ 51 ಮಂದಿ ಜೈಲಿನಲ್ಲೇ ಇದ್ದರು.

2001ರ ಸೆಪ್ಟೆಂಬರ್ 29ರಂದು ಮೈಸೂರಿನ ವಿಶೇಷ ನ್ಯಾಯಾಲಯ ಕೊನೆಗೂ ತೀರ್ಪು ಹೇಳಿತು. 14 ಮಂದಿ ತಪ್ಪಿತಸ್ಥರು. 109 ಮಂದಿ ಖುಲಾಸೆ.

ನಾನು ಈ ಎರಡು ಸಂಖ್ಯೆಗಳನ್ನು ಎಷ್ಟೋ ಸಲ ಓದಿದ್ದೇನೆ. ಅಬ್ದುಲ್ ಕರೀಮ್ ಅವರ ವಾದ ಸರಿಯಿತ್ತು. ಅಪಹರಣಕಾರ ಹೇಳಿದನೆಂದು ಕೊಲೆ ಕೇಸನ್ನು ಕೈಬಿಡಲಾಗದು. ಜೈಲಿನಲ್ಲಿದ್ದವರ ಅಳಲೂ ಸರಿಯಿತ್ತು. ಇಬ್ಬರೂ ಎದುರಾಳಿಗಳಂತೆ ಕಂಡರು. ನಿಜದಲ್ಲಿ ಇಬ್ಬರಿಗೂ ಬೇಕಾಗಿದ್ದದ್ದು ಒಂದೇ: ಬೇಗ ಮುಗಿಯುವ ನೆಟ್ಟಗಿನ ವಿಚಾರಣೆ. ವಿಶೇಷ ನ್ಯಾಯಾಲಯ ಎಂಬುದನ್ನು ಸೃಷ್ಟಿಸಿದ್ದೇ ಆ ಹೆಸರಿನಲ್ಲಿ. ಆದರೆ ಆರೋಪಿ ಹೇಗೂ ಒಳಗೇ ಇರುತ್ತಾನೆ ಎಂದ ಮೇಲೆ ಅವಸರ ಯಾರಿಗೆ? ನನ್ನ ಅನುಭವದಲ್ಲಿ ತನಿಖೆಯನ್ನು ಓಡಿಸುವುದು ಜಾಮೀನಿನ ಗಡುವು. ಅದನ್ನು ತೆಗೆದುಬಿಟ್ಟರೆ ಫೈಲು ಮಲಗುತ್ತದೆ. ತನಿಖೆ ಸಡಿಲವಾದರೆ ನಿರಪರಾಧಿ ವರ್ಷಗಟ್ಟಲೆ ಕೊಳೆಯುತ್ತಾನೆ, ಸತ್ತವರ ಮನೆಯವರಿಗೂ ನಿಜ ತಿಳಿಯುವುದಿಲ್ಲ. ಕಠಿಣ ಕಾಯ್ದೆ ಸರ್ಕಾರಕ್ಕೆ ಬಲ ಕೊಡುತ್ತದೆ ಎನ್ನುತ್ತಾರೆ. ನಾನು ಕಂಡಂತೆ ಅದು ಮೈಗಳ್ಳತನಕ್ಕೆ ಅನುಮತಿ ಕೊಡುತ್ತದೆ.

ಶಿಕ್ಷೆಯಾದವರ ಕಥೆ ಅಲ್ಲಿಗೆ ಮುಗಿಯಲಿಲ್ಲ. ಪಾಲಾರ್ ಸ್ಫೋಟದಲ್ಲಿ ಜೀವಾವಧಿ ಶಿಕ್ಷೆ ಪಡೆದ ನಾಲ್ವರು ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋದರು. ನ್ಯಾಯಾಲಯ ತಾನಾಗಿಯೇ ನೋಟಿಸು ಕೊಟ್ಟು 2004ರ ಜನವರಿ 29ರಂದು ಅವರ ಶಿಕ್ಷೆಯನ್ನು ಮರಣದಂಡನೆಗೆ ಏರಿಸಿತು. ಹೈಕೋರ್ಟಿನ ಮೆಟ್ಟಿಲೇ ಇಲ್ಲದ್ದರಿಂದ ಮರಣದಂಡನೆ ಮೊದಲ ಬಾರಿಗೆ ಬಂದದ್ದೇ ದೇಶದ ಕೊನೆಯ ನ್ಯಾಯಾಲಯದಲ್ಲಿ. ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಬಿದ್ದಿದ್ದು 2013ರಲ್ಲಿ ತಿರಸ್ಕೃತವಾಯಿತು. ಭಯೋತ್ಪಾದನೆಯ ಕೇಸಿನವರಿಗೆ ವಿಳಂಬದ ಕಾರಣದಿಂದ ರಿಯಾಯಿತಿ ಇಲ್ಲವೆಂದು ಅದೇ ವರ್ಷ ಸುಪ್ರೀಂ ಕೋರ್ಟಿನ ಒಂದು ಪೀಠ ಬೇರೊಂದು ಪ್ರಕರಣದಲ್ಲಿ ಹೇಳಿತ್ತು. 2014ರ ಜನವರಿ 21ರಂದು ಶತ್ರುಘ್ನ ಚೌಹಾಣ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಒಪ್ಪಲಿಲ್ಲ. ಟಾಡಾ ಕೈದಿಗಳೆಂದು ಅವರನ್ನು ಪ್ರತ್ಯೇಕ ಸಾಲಿನಲ್ಲಿ ನಿಲ್ಲಿಸಲಾಗದು ಎಂದಿತು. ನಾಲ್ವರ ಮರಣದಂಡನೆ ಮತ್ತೆ ಜೀವಾವಧಿಯಾಯಿತು. ಬಂಧನವಾಗಿ ಇಪ್ಪತ್ತು ವರ್ಷವಾಗಿತ್ತು.

ಖುಲಾಸೆಯಾದವರ ಪಾಲಿಗೆ ಬಂದದ್ದೇನು? ಕಾರ್ಯಪಡೆಯ ವಿರುದ್ಧದ ದೂರುಗಳನ್ನು ಕೇಳಲು ಮಾನವ ಹಕ್ಕುಗಳ ಆಯೋಗ 1999ರಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿಬಿಐ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರ ಸಮಿತಿ ನೇಮಿಸಿತ್ತು. ಅಕ್ರಮ ಬಂಧನ, ಚಿತ್ರಹಿಂಸೆಯ ದೂರುಗಳನ್ನು ಕೇಳಿ ಸಮಿತಿ 2003ರ ಕೊನೆಯಲ್ಲಿ ವರದಿ ಕೊಟ್ಟಿತು. 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಮಧ್ಯಂತರ ಪರಿಹಾರ ಕೊಡಬೇಕೆಂದು ಆಯೋಗ ಹೇಳಿತು. ಟಾಡಾದಲ್ಲಿ ಎಂಟು ವರ್ಷ ಕಳೆದು ಖುಲಾಸೆಯಾದವನಿಗೆ ಆ ಎಂಟು ವರ್ಷಕ್ಕೆಂದು ಹಣ ಕೊಡುವ ವ್ಯವಸ್ಥೆ ಕಾಯ್ದೆಯೊಳಗೆ ಇರಲೇ ಇಲ್ಲ.

ಇದು ನಮ್ಮ ದೇಶದ ಬಡತನದ, ನಮ್ಮ ಪೊಲೀಸರ ಕಥೆ ಮಾತ್ರ ಎಂದುಕೊಂಡಿದ್ದೆ. ಯುರೋಪಿನ ಕಥೆ ಓದಿದ ಮೇಲೆ ಹಾಗೆನ್ನಿಸಲಿಲ್ಲ. 1974ರ ನವೆಂಬರ್ 21ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಎರಡು ಪಬ್‌ಗಳಲ್ಲಿ ಬಾಂಬ್ ಸಿಡಿದು 21 ಜನ ಸತ್ತರು. ಒಂದು ವಾರದಲ್ಲಿ ಭಯೋತ್ಪಾದನೆ ತಡೆ ಕಾಯ್ದೆ ಬಂತು. ಅದರ ಹೆಸರಿನಲ್ಲೇ 'ತಾತ್ಕಾಲಿಕ' ಎಂಬ ಪದವಿತ್ತು. ಆರೋಪ ಹೊರಿಸದೆ ಏಳು ದಿನ ಇರಿಸಿಕೊಳ್ಳುವ ಅಧಿಕಾರವಿತ್ತು. ಅದರ ಅಡಿಯಲ್ಲಿ ಮೊದಮೊದಲು ಸಿಕ್ಕವರು ಗಿಲ್ಡ್‌ಫರ್ಡ್ ಬಾಂಬ್ ಪ್ರಕರಣದ ನಾಲ್ವರು. ಠಾಣೆಯಲ್ಲಿ ಅವರು ತಪ್ಪೊಪ್ಪಿಕೊಂಡರು. ಆ ತಪ್ಪೊಪ್ಪಿಗೆಯ ಮೇಲೆಯೇ ಜೀವಾವಧಿ ಶಿಕ್ಷೆಯಾಯಿತು. 1989ರ ಅಕ್ಟೋಬರ್ 19ರಂದು, ಹದಿನೈದು ವರ್ಷದ ಮೇಲೆ, ಶಿಕ್ಷೆ ರದ್ದಾಯಿತು. ನಮಗೆ 25ನೆಯ ಕಲಮು ಕೊಟ್ಟ ಬ್ರಿಟಿಷರು ತಮ್ಮ ಮನೆಯಲ್ಲಿ ಅಂಥ ಬೇಲಿ ಕಟ್ಟಿಕೊಂಡಿರಲಿಲ್ಲ.

ಆ 'ತಾತ್ಕಾಲಿಕ' ಕಾಯ್ದೆ ಮತ್ತೆ ಮತ್ತೆ ನವೀಕರಣಗೊಂಡು, ಕೊನೆಗೆ 2000ದ ಭಯೋತ್ಪಾದನಾ ಕಾಯ್ದೆಯ ರೂಪದಲ್ಲಿ ಕಾಯಂ ಆಯಿತು. ಇನ್ನೂ ಮುಖ್ಯವಾದದ್ದು ಅದು ಅಕ್ಕಪಕ್ಕಕ್ಕೆ ಹಬ್ಬಿದ ರೀತಿ. ಆರೋಪಿ ಸುಮ್ಮನಿದ್ದರೆ ಆ ಮೌನವನ್ನೇ ಅವನ ವಿರುದ್ಧ ಎಣಿಸಬಹುದು ಎಂಬ ನಿಯಮ 1988ರಲ್ಲಿ ಉತ್ತರ ಐರ್ಲೆಂಡಿನ ಹಿಂಸೆಯ ನಡುವೆ ಬಂತು. 1994ರಲ್ಲಿ ಇಂಗ್ಲೆಂಡಿನ ಸಾಧಾರಣ ಕಳ್ಳನಿಗೂ ಅನ್ವಯಿಸಿತು. 2001ರ ಸೆಪ್ಟೆಂಬರ್ ದಾಳಿಯ ನಂತರ ಅವಸರದಲ್ಲಿ ಒಪ್ಪಿತವಾದ ಯುರೋಪಿಯನ್ ಬಂಧನ ವಾರಂಟು ಸಣ್ಣಪುಟ್ಟ ಕಳ್ಳತನದ ಕೇಸುಗಳಿಗೂ ಬಳಕೆಯಾಯಿತು. ಪ್ಯಾರಿಸ್ ದಾಳಿಯ ನಂತರ 2015ರ ನವೆಂಬರ್‌ನಲ್ಲಿ ಘೋಷಿಸಿದ ತುರ್ತುಸ್ಥಿತಿಯನ್ನು ಫ್ರಾನ್ಸ್ ಎರಡು ವರ್ಷಕ್ಕೆ ಕೊನೆಗೊಳಿಸಿತು. ಅದಕ್ಕೂ ಮುಂಚೆ ಅದರ ಹಲವು ಅಧಿಕಾರಗಳನ್ನು ಸಾಮಾನ್ಯ ಕಾನೂನಿನೊಳಗೆ ಸೇರಿಸಿಕೊಂಡಿತು.

ಅಲ್ಲಿ ಒಂದು ವ್ಯತ್ಯಾಸವಿತ್ತು. 1988ರಲ್ಲಿ ಬ್ರೋಗನ್ ಪ್ರಕರಣದಲ್ಲಿ ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ, ನ್ಯಾಯಾಧೀಶರ ಮುಂದೆ ತಾರದೆ ನಾಲ್ಕು ದಿನ ಆರು ಗಂಟೆ ಇರಿಸಿಕೊಂಡದ್ದೂ ತಪ್ಪೆಂದು ಹೇಳಿತು. ಬ್ರಿಟನ್ ಕಾಯ್ದೆ ತಿದ್ದಲಿಲ್ಲ. ಆ ಕರಾರಿನಿಂದ ತನಗೆ ವಿನಾಯಿತಿ ಬೇಕೆಂದು ಘೋಷಿಸಿಕೊಂಡಿತು. ಆದರೂ ದೇಶದ ಹೊರಗಿನ ಒಂದು ಪೀಠ ಗಂಟೆಗಳನ್ನು ಲೆಕ್ಕ ಹಾಕಿತ್ತು. ಮೈಸೂರಿನ ಎಂಟು ವರ್ಷಗಳನ್ನು ಯಾರೂ ಹಾಗೆ ಲೆಕ್ಕ ಹಾಕಲಿಲ್ಲ.

ನಮ್ಮಲ್ಲೂ ಹಬ್ಬುವ ಕೆಲಸ ನಡೆಯಿತು. ಟಾಡಾ ಹೋಗಿ 2002ರಲ್ಲಿ ಪೋಟಾ ಬಂತು. 2004ರಲ್ಲಿ ಪೋಟಾ ರದ್ದಾದಾಗ ಅದರ ಬಹುಪಾಲು, 1967ರಿಂದ ಇದ್ದ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಗೆ, ಅಂದರೆ ಯುಎಪಿಎಗೆ, ವರ್ಗವಾಯಿತು. ಅದಕ್ಕೆ ಕೊನೆಯ ದಿನಾಂಕವಿಲ್ಲ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಅಲ್ಲಿಲ್ಲ, ಅಷ್ಟು ಪಾಠ ಕಲಿತಿದ್ದೇವೆ. ಆದರೆ 2008ರ ತಿದ್ದುಪಡಿ ಜಾಮೀನಿನ ಬಾಗಿಲನ್ನು ಮತ್ತೆ ಮುಚ್ಚಿತು. 2021ರಲ್ಲಿ ನಜೀಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಿಚಾರಣೆ ಮುಗಿಯುವ ಸೂಚನೆಯಿಲ್ಲದಿದ್ದರೆ ಸಂವಿಧಾನದ ನ್ಯಾಯಾಲಯಗಳು ಜಾಮೀನು ಕೊಡಬಹುದೆಂದು ಸ್ವಲ್ಪ ಸಂದು ತೆರೆದಿದೆ. ಇನ್ನು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 113ನೆಯ ಕಲಮಿನಲ್ಲಿ ಭಯೋತ್ಪಾದಕ ಕೃತ್ಯವೂ ಕಳ್ಳತನ, ಹೊಡೆದಾಟಗಳಿರುವ ಪುಸ್ತಕದೊಳಗೇ ಬಂದು ಕೂತಿದೆ. ಅದನ್ನು ಹಾಕಬೇಕೋ ಯುಎಪಿಎ ಹಾಕಬೇಕೋ ಎಂದು ತೀರ್ಮಾನಿಸುವವರು ಎಸ್‌ಪಿ ದರ್ಜೆಯ ಅಧಿಕಾರಿ.

ಕರ್ನಾಟಕದ್ದೇ ಕಾಯ್ದೆಯೊಂದಿದೆ: 2000ದ ಸಂಘಟಿತ ಅಪರಾಧಗಳ ನಿಯಂತ್ರಣ ಕಾಯ್ದೆ, ಪತ್ರಿಕೆಗಳು ಕೋಕಾ ಎನ್ನುತ್ತವೆ. ಟಾಡಾದ 15ನೆಯ ಕಲಮು ಅದರಲ್ಲಿ ಜೀವಂತವಾಗಿದೆ. ಎಸ್‌ಪಿ ಮುಂದಿನ ತಪ್ಪೊಪ್ಪಿಗೆ ಅಲ್ಲಿ ಸಾಕ್ಷ್ಯ. ಗೌರಿ ಲಂಕೇಶ್ ಹತ್ಯೆಯ ಪ್ರಕರಣದಲ್ಲಿ ಆ ಕಾಯ್ದೆ ಹಾಕಿದಾಗ, ಒಬ್ಬ ಆರೋಪಿಯ ಮೇಲೆ ಹೈಕೋರ್ಟು ರದ್ದು ಮಾಡಿದ್ದ ಅದನ್ನು 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಮತ್ತೆ ಕೂಡಿಸಿದಾಗ, ನನ್ನ ಗೆಳೆಯರು ಸಂತೋಷಪಟ್ಟರು. ನಾನೂ ಪಟ್ಟೆ. ಆಮೇಲೆ ದೊಡ್ಡಪ್ಪನ ಹಿಮ್ಮಡಿ ನೆನಪಾಯಿತು. ನಮಗೆ ಬೇಡವಾದವರ ಮೇಲೆ ಬಂದಾಗ ಹಿಡಿಸುವ ಕಾಯ್ದೆ, ನಮ್ಮವರ ಮೇಲೆ ಬಂದಾಗ ಮಾತ್ರ ಕರಾಳವಾಗಿ ಕಾಣುತ್ತದೆ.

ಸಾಮಾನ್ಯ ಕಾನೂನು ಇದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತೇ? ಹಾಗೂ ಹೇಳಲಾರೆ. ರಾಜ್‌ಕುಮಾರ್ ಅಪಹರಣದ ಕೇಸು ತಮಿಳುನಾಡಿನ ಗೋಬಿಚೆಟ್ಟಿಪಾಳ್ಯದ ನ್ಯಾಯಾಲಯದಲ್ಲಿ ನಡೆಯಿತು. ಅದು ಹೋದಾಗ ಟಾಡಾ ಇರಲಿಲ್ಲ. ಹದಿನೆಂಟು ವರ್ಷದ ಮೇಲೆ, 2018ರ ಸೆಪ್ಟೆಂಬರ್ 25ರಂದು, ಒಂಬತ್ತು ಆರೋಪಿಗಳೂ ಖುಲಾಸೆಯಾದರು. ವೀರಪ್ಪನ್ 2004ರಲ್ಲೇ ಸತ್ತಿದ್ದ. ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡಿದ್ದರು. ನಮ್ಮ ರೋಗ ಕಾನೂನಿನ ಮೃದುತ್ವದ್ದಲ್ಲ. ತನಿಖೆಯದು, ಖಾಲಿ ಬಿದ್ದ ನ್ಯಾಯಾಧೀಶರ ಕುರ್ಚಿಗಳದು, ಬಾರದ ಸಾಕ್ಷಿಗಳದು, ವಾಯಿದೆಗಳದು. ಪ್ರತಿ ಸಲ ಬಾಂಬ್ ಸಿಡಿದಾಗ ನಾವು ಹೊಸ ಕಾಯ್ದೆ ಬರೆದು, ಈ ಕೆಲಸಗಳನ್ನು ಹಾಗೇ ಬಿಟ್ಟಿದ್ದೇವೆ.

ದೊಡ್ಡಪ್ಪ ತೀರಿಕೊಂಡು ಬಹಳ ವರ್ಷವಾಯಿತು. 2001ರ ತೀರ್ಪು ಬಂದ ಮೇಲೂ ಅವರು ಇದ್ದರು. ಆದರೆ ನಾನು ಹೋಗಿ ಹೇಳಲಿಲ್ಲ. ಪತ್ರಿಕೆಯ ಒಳಪುಟದಲ್ಲಿ ಬಂದ ಆ ಸುದ್ದಿಯನ್ನು ಅಷ್ಟು ಹೊತ್ತಿಗೆ ಯಾರೂ ಗಟ್ಟಿಯಾಗಿ ಓದುತ್ತಿರಲಿಲ್ಲ. ಈಗ ಹೇಳುತ್ತೇನೆ. ಅವರಲ್ಲಿ ಕೆಲವರು ತಪ್ಪು ಮಾಡಿದ್ದರಂತೆ ದೊಡ್ಡಪ್ಪ, ಕೋರ್ಟು ಹಾಗೆಂದಿತು. ಹೆಚ್ಚಿನವರು ಏನೂ ಮಾಡಿಲ್ಲ ಎಂದೂ ಅದೇ ಕೋರ್ಟು ಹೇಳಿತು. ಅದನ್ನು ಹೇಳಲು ಎಂಟು ವರ್ಷ ತೆಗೆದುಕೊಂಡಿತು. ನಿಮಗೆ ಒಂದೇ ರಾತ್ರಿ ಆಗಿತ್ತು.